ಗುಂಡೋಪಂತ ಕಾಕಾರ ಕೆಂಪು ಪೆನ್ಸಿಲು

ಇಷ್ಟು ಕಡಿಮೆ ಮಾತಾಡುವ ವಕೀಲರನ್ನು ನಾನು ಬೇರೆ ನೋಡಿಲ್ಲ. ಧಾರವಾಡದಿಂದ ಬಂದು ನಾವಿದ್ದ ಮಣಿನಗರದಲ್ಲೇ ನೆಲೆಸಿದ್ದ ಗುಂಡೋಪಂತ ಕಾಕಾ, ಆದಾಯ ತೆರಿಗೆಯ ನೋಟಿಸು ಕೈಗೆ ಬಂದರೆ, ಅದರೊಳಗಿನ ಪ್ರಶ್ನೆಗಳ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುವರು. ಆಮೇಲೆ ಅದೇ ಪೆನ್ಸಿಲು ನಾವು ಬರೆದು ತಂದ ಉತ್ತರದ ಮೇಲೆ ಓಡುವುದು. ಕೇಳದ ಮಾತಿಗೆಲ್ಲ ಕಾಟು.

ನಾನಾಗ ಕಾಲೇಜಿನ ಚರ್ಚಾಕೂಟಗಳಲ್ಲಿ ಬಹುಮಾನ ಬಾಚುತ್ತಿದ್ದವನು. ಇದು ಹೇಡಿತನ, ತಪ್ಪಿಲ್ಲದವನು ಪೂರ್ತಿ ಹೇಳಿಬಿಡಬೇಕು ಎಂದು ವಾದಿಸಿದೆ.

“ನೀ ಗೆಲ್ಲಲಿಕ್ಕೆ ಮಾತಾಡ್ತಿ, ತಮ್ಮಾ. ನಾ ಫೈಲ್ ಮುಚ್ಚಲಿಕ್ಕೆ ಮಾತಾಡ್ತೀನಿ,” ಅಂದರು.

ಅಪ್ಪನದು ಕಾಲಲ್ಲಿ ತುಳಿದು ಅಚ್ಚು ಹಾಕುವ ಒಂದೇ ಟ್ರೆಡಲ್ ಯಂತ್ರದ ಪ್ರೆಸ್ಸು. ಅರವತ್ತರ ದಶಕದ ನಡುವೆ ಅದಕ್ಕೊಂದು ನೋಟಿಸು ಬಂತು: ಕೊಂಡ ಕಾಗದ ಇಷ್ಟು ಕಡಿಮೆ, ಅಚ್ಚಾದದ್ದು ಅಷ್ಟು ಹೆಚ್ಚು, ಹೇಗೆ? ವಿಚಾರಣೆಯ ದಿನ ಮದುವೆ ಪತ್ರಿಕೆಗಳ ಕೆಲಸ ಬಿಟ್ಟು ಅಪ್ಪ ಬರುವಂತಿರಲಿಲ್ಲ. ಲೆಕ್ಕದ ಪುಸ್ತಕಗಳನ್ನು ಹೊತ್ತು ಕಾಕಾರ ಜೊತೆ ನಾನು ಹೋದೆ. ಕಾಗದವನ್ನು ಗಿರಾಕಿಗಳೇ ತರುತ್ತಾರೆ ಎಂದು ಕಾಕಾ ಒಂದೇ ಮಾತು ಹೇಳಿ, ಅವರ ಚೀಟಿಗಳನ್ನು ಮುಂದಿಟ್ಟರು. ಅಧಿಕಾರಿ ತಲೆಯಾಡಿಸಿ ಸಹಿಗೆ ಪೆನ್ನು ತೆಗೆದರು. ನನಗೆ ಅಷ್ಟು ಸಾಲಲಿಲ್ಲ. ತರುವುದಷ್ಟೇ ಅಲ್ಲ ಸಾಹೇಬರೇ, ಉಳಿದ ಕಾಗದವನ್ನು ನಮಗೇ ಬಿಟ್ಟು ಹೋಗುತ್ತಾರೆ, ಅದರಿಂದಲೇ ಪ್ರತಿ ವರ್ಷ ಬಿಲ್ ಪುಸ್ತಕ ಕಟ್ಟಿ ಸೂರತ್ತಿನ ಬಟ್ಟೆ ಅಂಗಡಿಗಳಿಗೆ ಮಾರುತ್ತೇವೆ ಎಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಆ ಮಾರಾಟ ಯಾವ ಪುಟದಲ್ಲಿದೆ ಎಂದು ಕೇಳಿದರು.

ಯಾವ ಪುಟದಲ್ಲೂ ಇರಲಿಲ್ಲ. ಕಾಗದ ಕೊಂಡಿಲ್ಲದ ಮೇಲೆ ಅದು ವ್ಯಾಪಾರವೇ ಅಲ್ಲವೆಂದು ಅಪ್ಪ ತಿಳಿದಿದ್ದರು. ಕಾಕಾಗೆ ಬಿಡಿಸಿ ಹೇಳಿರಲೂ ಇಲ್ಲ, ಪ್ರೆಸ್ಸಿಗೆ ಬಂದಾಗ ಕಟ್ಟಿಟ್ಟ ಬಿಲ್ ಪುಸ್ತಕಗಳನ್ನು ಅವರು ಕಂಡಿದ್ದರಷ್ಟೆ. ಹಿಂದಿನ ವರ್ಷಗಳ ಫೈಲುಗಳೂ ತೆರೆದವು. ದಂಡ ಕಟ್ಟಲು ಟ್ರೆಡಲ್ ಮಾರಿಹೋಯಿತು. ಅಪ್ಪ ಇನ್ನೊಬ್ಬರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಲು ನಿಂತರು.

ವಿಚಾರಣೆಯ ಸಂಜೆಯೇ, ಬಿಲ್ ಪುಸ್ತಕದ ಮಾತು ಹೇಗೆ ಹೊರಬಿತ್ತೆಂದು ಅಪ್ಪ ಕೇಳಿದಾಗ ಕಾಕಾ ನನ್ನ ಕಡೆ ನೋಡದೆ, “ನನ್ನ ಬಾಯಿಂದ ಹೋತು,” ಅಂದಿದ್ದರು. ಅಪ್ಪ ಅವರನ್ನು ಮನೆಯಿಂದ ಎಬ್ಬಿಸಿ ಕಳಿಸಿದರು. ನಾನು ಅಲ್ಲೇ ಇದ್ದೆ. ಆ ಉಪಕಾರವನ್ನು ನಾನು ಕೇಳಿರಲಿಲ್ಲ, ನಿಜ. ಬೇಡ ಅನ್ನಲೂ ಇಲ್ಲ.

ಎರಡು ವರ್ಷದ ಮೇಲೆ ಮಣಿನಗರ ಸ್ಟೇಷನ್ನಿನಲ್ಲಿ ಬರೋಡಾದ ಗಾಡಿಗೆ ಕಾಯುತ್ತ ಕಾಕಾ ಸಿಕ್ಕರು. ಅಪ್ಪನಿಗೆ ಇವತ್ತೇ ಹೇಳಿಬಿಡುತ್ತೇನೆ ಎಂದೆ.

“ಹೇಳಿದ್ರ ಟ್ರೆಡಲ್ ವಾಪಸ್ ಬರತದೇನು?”

“ನಿಮ್ಮ ಹೆಸರು ಬರತದಲ್ಲ, ಕಾಕಾ.”

“ಅದು ನಂದು. ಅದಕ್ಕ ನೀ ಯಾಕ ವಕೀಲಕಿ ಮಾಡ್ತಿ?”

ಗಾಡಿ ಬಂತು, ಹತ್ತಿದರು. ಹುಡುಕಿದ್ದರೆ ಆ ಮಾತಿಗೆ ಹತ್ತು ಉತ್ತರ ಸಿಗುತ್ತಿದ್ದವು. ಹುಡುಕಲಿಲ್ಲ. ಹೇಳದಿರಲು ಅನುಮತಿ ಸಿಕ್ಕಿತೆಂದು ಹಗುರಾಗಿ ಮನೆಗೆ ಬಂದೆ.

ವಯಸ್ಸಾದ ಮೇಲೆ ಊರಿಗೆ ಮರಳಿದ್ದ ಅವರು ಹೋದ ತಿಂಗಳು ತೀರಿಕೊಂಡ ಸುದ್ದಿ ಧಾರವಾಡದಿಂದ ಬಂತು. “ನಮ್ಮ ಪ್ರೆಸ್ ಮುಳುಗಿಸಿದಾಂವ,” ಎಂದಷ್ಟೇ ಅಂದು ಅಪ್ಪ ಊಟ ಮುಂದುವರಿಸಿದರು. ನಾನು ಇನ್ನಷ್ಟು ಸಾರು ಹಾಕಿಸಿಕೊಂಡೆ.