ಕಾಫಿ ಬಿಟ್ಟವರು

ಸ್ನೇಹಿತರೇ, ಇವತ್ತು ಕಣಕಟ್ಟೆಯಲ್ಲಿ ನಮ್ಮ ದೊಡ್ಡಮ್ಮನ ಮಗಳು ಗಿರಿಜಕ್ಕನ ಮನೆಗೆ ಹೋಗಿ ಎಳನೀರು ಕುಡಿದು ಬಂದೆ. ಅಕ್ಕನಿಗೆ ಕ್ಷಯ. ಮಾತ್ರೆ ನಡೆಯುತ್ತಿದೆ, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ನೆಂಟರೆಲ್ಲ ಅವಳ ಕೈಯ ಕಾಫಿಗೆಂದೇ ಆ ಮನೆಗೆ ಹೋಗುತ್ತಿದ್ದ ಕಾಲವೊಂದಿತ್ತು.

"ಇದೇನಕ್ಕ, ಕಾಫಿ ಬದಲು ಎಳನೀರು?" ಎಂದೆ, ಸುಮ್ಮನೆ ಮಾತಿಗೆ.

"ಕಾಫಿ ಕೊಟ್ರೆ ಬಂದೋರೆಲ್ಲ ಬಿಟ್ಬಿಟ್ಟಿದೀನಿ ಅಂತಾರೆ ಕಣೋ. ಎಳನೀರಿಗಾದ್ರೆ ನಮ್ಮನೆ ಲೋಟ ಬೇಕಾಗಲ್ಲ. ಮಾತ್ರೆ ನುಂಗಿ ವಾಂತಿ ಬಂದ್ರೂ ತಡ್ಕಬೋದು, ತುಂಬಿದ್ ಲೋಟ ವಾಪಸ್ ಒಳಗೆ ತಗಂಡೋಗದು ತಡ್ಕಳಕ್ಕಾಗಲ್ಲ." ನನ್ನ ಮುಖ ನೋಡಿ ಕೇಳಿದಳು, "ಹಾಲೈತೆ. ನಿಂಗೆ ಮಾಡ್ಲಾ?"

ಕಾಫಿ ಬಿಟ್ಟಿದ್ದೇನೆ ಎನ್ನುವ ಮಾತನ್ನೇ ನಾನೂ ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳೇ ಅದನ್ನು ಆಡಿಬಿಟ್ಟದ್ದರಿಂದ ಬೇರೆ ನೆಪ ಹುಡುಕಬೇಕಾಯಿತು.

"ಬಸ್ಸಿಗೆ ಹೊತ್ತಾಯ್ತಕ್ಕ. ಇನ್ನೊಂದ್ಸಲ ಬಂದಾಗ ಕುಡೀತೀನಿ."

"ಹೂಂ ಕಣಪ್ಪ," ಎಂದು ಖಾಲಿ ಬುರುಡೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಗೂಡಂಗಡಿಗೆ ಹೋಗಿ ಕಾಫಿ ಕುಡಿದೆ. ಆ ಅಂಗಡಿಯವನು ಊರಿನವರೆಲ್ಲ ಕುಡಿದಿಟ್ಟ ಲೋಟಗಳನ್ನು ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆಯುತ್ತಾನೆ. ನನಗಿಂತ ಮೊದಲು ಆ ಲೋಟದಲ್ಲಿ ಕುಡಿದವರು ಯಾರು ಎಂದು ನಾನು ಕೇಳಲಿಲ್ಲ.