ಮೂವತ್ತೇಳು ಬಣ್ಣಗಳ ಅಡಿಯ ನಂಬರು

ಬೆಳಗಿನ ಐದೂಮುಕ್ಕಾಲು. ಜಯಲಕ್ಷ್ಮಿಪುರಂನ ಮನೆಯೊಂದರ ಶೆಡ್ಡಿನಲ್ಲಿ, ಹಳೆಯ ಜೀಪಿನ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿವೆ. ಗೋಣಿತಾಟಿನ ಮೇಲೆ ಅಂಗಾತ ಮಲಗಿರುವ ಅರವತ್ತರ ಕೆಂಪಯ್ಯ, ಬಾಯಲ್ಲಿ ಸಣ್ಣ ಟಾರ್ಚು ಕಚ್ಚಿಕೊಂಡು, ಥಿನ್ನರ್ ಅದ್ದಿದ ಬಟ್ಟೆಯನ್ನು ಚಾಸಿಯ ಕಬ್ಬಿಣಕ್ಕೆ ಒತ್ತಿ ಹಿಡಿದಿದ್ದಾರೆ. ಬಣ್ಣ ಮೆತ್ತಗಾದ ಮೇಲೆ ಬಿದಿರಿನ ಸೀಳಿನಿಂದ ಮೆಲ್ಲಗೆ ಕೆರೆಯುತ್ತಾರೆ. ಬಿಸಿಲೇರಿದರೆ ಥಿನ್ನರ್ ಹಚ್ಚಿದಷ್ಟೇ ಬೇಗ ಆರಿಹೋಗುತ್ತದೆ, ಹಾಗಾಗಿ ಈ ಕೆಲಸಕ್ಕೆ ಮುಂಜಾನೆಯೇ ಆಗಬೇಕು. ಇವತ್ತಿಗೆ ಏಳನೇ ದಿನ. ಅವರು ಹುಡುಕುತ್ತಿರುವುದು ಕಬ್ಬಿಣದಲ್ಲಿ ಅಚ್ಚೊತ್ತಿದ ಜೀಪಿನ ಚಾಸಿ ನಂಬರನ್ನು.

ಕೆಂಪಯ್ಯ ಗಾಡಿಗಳಿಗೆ ಬಣ್ಣ ಬಳಿಯುವವರು, ಅದೂ ಬ್ರಷ್ಷಿನಲ್ಲಿ. ಅಗ್ರಹಾರದಲ್ಲಿ ಎರಡು ಕೋಣೆಯ ಮನೆ, ಒಂದು ಸೈಕಲ್ಲು, ಕ್ಯಾರಿಯರಿಗೆ ಕಟ್ಟಿದ ಡಬ್ಬ. ಕಾರ್ಖಾನೆ ಅಂತೇನಾದರೂ ಇದ್ದರೆ ಇಷ್ಟೇ. ಒಂದು ಕಾಲಕ್ಕೆ ವಾರಕ್ಕೆ ಎರಡು ವ್ಯಾನು ಬರುತ್ತಿದ್ದವು, ದಸರೆ ಹತ್ತಿರವಾದರೆ ಊಟಕ್ಕೂ ಪುರುಸೊತ್ತಿರಲಿಲ್ಲ. ಸ್ಪ್ರೇ ಗನ್ನು ಬಂದ ಮೇಲೆ ತಿಂಗಳಿಗೆ ಎರಡು ಗಾಡಿ ಸಿಕ್ಕರೆ ಹೆಚ್ಚು. "ಗನ್ನು ತಗೊಳ್ಳಿ ಅಂತ ಎಲ್ರೂ ಏಳಿದ್ರು. ಅದ್ರ ಸದ್ದು ಕೇಳಿದ್ರೆ ನಂಗೆ ಕೆಲ್ಸ ಮಾಡ್ದಂಗೇ ಅನ್ಸಲ್ಲ ಕಣ್ರೀ" ಎಂದು ನಗುತ್ತಾರೆ. ಹಟವಾದಿ ಮನುಷ್ಯ, ಆದರೆ ಕೊರಗುವವರಲ್ಲ.

ಈ ಜೀಪು ಸಿದ್ದಲಿಂಗಸ್ವಾಮಿಯವರ ಮನೆಯದು. ಅವರ ತಂದೆ ಏಕಾಂತಯ್ಯ ೧೯೬೧ರಲ್ಲಿ ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು. ನಾಲ್ಕೂ ಚಕ್ರ ಎಳೆಯುವ ಗಾಡಿ. ಅದು ಎಲ್ಲೂ ಹೂತುಕೊಂಡು ನಿಂತದ್ದಿಲ್ಲ ಎಂದು ಮನೆಯವರಿಗೆಲ್ಲ ವಿಪರೀತ ಜಂಬ. ಏಕಾಂತಯ್ಯನವರ ಪತ್ನಿ ದಾಕ್ಷಾಯಣಮ್ಮನವರದು ಒಂದೇ ಕಟ್ಟಳೆ: ಆಯುಧಪೂಜೆಗೆ ಗಾಡಿಯನ್ನು ಹಳೆ ಬಣ್ಣದಲ್ಲಿ ಕೂರಿಸಬಾರದು. ೧೯೬೬ರಿಂದ ಆ ಬಣ್ಣ ಬಳಿದವರು ಕೆಂಪಯ್ಯ. ಏಕಾಂತಯ್ಯನವರು ತೀರಿಕೊಂಡ ವರ್ಷವೊಂದನ್ನು ಬಿಟ್ಟರೆ, ಹೋದ ದಸರೆಯವರೆಗೆ ಮೂವತ್ತೇಳು ಸಲ.

ಈ ನಿಷ್ಠೆ ಏನು ಮಾಡಿಟ್ಟಿದೆಯೆಂದು ಗೊತ್ತಾದದ್ದು ಹೋದ ತಿಂಗಳು. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಜೀಪಿನ ಇಂಜಿನ್ ಬಿಚ್ಚಿ ಕಟ್ಟಿಸಿ, ಹೊಸ ಟಾರ್ಪಾಲು ಹೊಲಿಸಿ, ಮದುಮಗನ ಹಾಗೆ ಸಿದ್ಧಮಾಡಿ ನೋಂದಣಿ ನವೀಕರಣಕ್ಕೆ ಆರ್‌ಟಿಓ ಕಚೇರಿಗೆ ಒಯ್ದರು. ಹಿಂದೆಲ್ಲ ಡ್ಯಾಶ್‌ಬೋರ್ಡಿನ ತಗಡಿನ ಮೇಲಿದ್ದ ನಂಬರು ನೋಡಿ ಸಹಿ ಹಾಕುತ್ತಿದ್ದರು. ಈ ಸಲದ ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. "ಚಾಸಿ ಮೇಲೆ ನಂಬರ್ ಎಲ್ರೀ? ಪೆನ್ಸಿಲ್ ಅಚ್ಚು ತೆಗೀಬೇಕು. ನಂಬರ್ ಸಿಗದಿದ್ರೆ ನವೀಕರಣ ಆಗಲ್ಲ" ಎಂದುಬಿಟ್ಟರು. ನಂಬರಿದ್ದ ಕಡೆ ನುಣ್ಣನೆಯ ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ರಸ್ತೆಗಿಳಿಯದ ಗಾಡಿಯ ದಾರಿ ಗುಜರಿಗೇ.

ಸುದ್ದಿ ಕೇಳಿದ ರಾತ್ರಿ ಕೆಂಪಯ್ಯ ಊಟ ಮಾಡಲಿಲ್ಲವೆಂದು ಅವರ ಹೆಂಡತಿ ಅಂಬುಜಮ್ಮ ಹೇಳುತ್ತಾರೆ. "ಬಳ್ದೋನು ನಾನೇ ಅಲ್ವ್ರಾ? ಅಲ್ಲೇನದೆ ಅಂತ ಒಂದ್ಸಲಾನಾದ್ರೂ ನೋಡ್ಬಾರ್ದಿತ್ತಾ? ಗಾಡಿ ಗುಜರಿಗೋದ್ರೆ ನನ್ ಕೈಯಾರೆ ಕಳ್ಸ್ದಂಗೇ" ಎನ್ನುತ್ತಾರೆ ಕೆಂಪಯ್ಯ. ಯಾರೋ ಗ್ರೈಂಡಿಂಗ್ ಮೆಷಿನ್ ತಂದರು. ಕೆಂಪಯ್ಯ ಅದನ್ನು ಗೇಟಿನೊಳಕ್ಕೇ ಬಿಡಲಿಲ್ಲ. ಮೆಷಿನ್ನು ಬಣ್ಣದ ಜೊತೆ ಅಂಕಿಯನ್ನೂ ಸವರಿಹಾಕುತ್ತದೆ. ಬಿದಿರು ಕಬ್ಬಿಣವನ್ನು ಗೀರುವುದಿಲ್ಲ.

ಅಂಗೈಯಗಲದ ಜಾಗದಲ್ಲಿ ಈಗ ವರ್ಷಗಳು ಹಿಂದಕ್ಕೆ ಸರಿಯುತ್ತಿವೆ. ಹಸಿರು, ಬೂದು, ನೀಲಿ, ಮತ್ತೆ ಹಸಿರು. ಕುರ್ಚಿ ಹಾಕಿಸಿಕೊಂಡು ಕೂತಿರುವ ಎಂಬತ್ತರ ದಾಕ್ಷಾಯಣಮ್ಮನವರಿಗೆ ಪ್ರತಿ ಪದರದ ವರದಿ ಹೋಗಬೇಕು.

"ಕೆನೆಬಣ್ಣ ಬಂತು ಅಮ್ಮಾವ್ರೇ."

"ಅದು ನಮ್ಮ ಸಿದ್ದು ಮದುವೆ ವರ್ಷದ್ದು ಕಣಯ್ಯ. ಚೆನ್ನಾಗಿರಲಿ ಅಂತ ಎರಡು ಕೈ ಹೊಡೆಸಿದ್ದೆ."

"ಎರಡಲ್ಲ, ಮೂರು. ನನ್ ಬೆನ್ನಿಗೆ ಗೊತ್ತು."

ಒಂಬತ್ತನೇ ಬೆಳಿಗ್ಗೆ ಬಿದಿರಿನ ತುದಿಗೆ ಏನೋ ತಡೆಯುತ್ತದೆ. ಕೆಂಪಯ್ಯ ಬೆರಳಿನಿಂದ ಸವರಿ ನೋಡುತ್ತಾರೆ. ಏಳರ ಅಂಕಿ, ಪಕ್ಕದಲ್ಲಿ ಸೊನ್ನೆ. ಜೀಪಿನಡಿಯಿಂದ ಹೊರಗೆ ಬಂದವರು ಮೆಟ್ಟಿಲ ಮೇಲೆ ಕೂತು ಒಂದು ಲೋಟ ನೀರು ಕೇಳುತ್ತಾರೆ. ಸಿದ್ದಲಿಂಗಸ್ವಾಮಿಯವರೇ ಒಳಗೆ ಓಡಿ ತಂದುಕೊಡುತ್ತಾರೆ.

ಮಾರನೆಯ ದಿನ, ಉಳಿದ ಅಂಕಿಗಳೂ ಹೊರಬಂದ ಮೇಲೆ, ಇನ್‌ಸ್ಪೆಕ್ಟರು ಚಾಸಿಗೆ ಕಾಗದ ಒತ್ತಿ ಪೆನ್ಸಿಲ್ ಉಜ್ಜುತ್ತಾರೆ. ಒಂದೊಂದೇ ಅಂಕಿ ಕಾಗದದ ಮೇಲೆ ಮೂಡುತ್ತದೆ. ಹಳೆಯ ಆರ್‌ಸಿ ಪುಸ್ತಕದೊಂದಿಗೆ ತಾಳೆ ನೋಡಿ ಸಹಿ ಹಾಕಿದವರು, ಮತ್ತೊಮ್ಮೆ ಬಗ್ಗಿ ಆ ಜಾಗವನ್ನು ಮುಟ್ಟಿ ನೋಡುತ್ತಾರೆ.

"ಇಷ್ಟು ಹಳೇ ಗಾಡೀಲಿ ಅರ್ಧ ನಂಬರನ್ನ ತುಕ್ಕೇ ತಿಂದಿರುತ್ತೆ. ಇದರಲ್ಲಿ ಒಂದು ಅಂಕೀನೂ ಮುಕ್ಕಾಗಿಲ್ವಲ್ರೀ! ಏನು ಮಾಡಿದ್ರಿ?"

ಹೋದ ತಿಂಗಳಿಂದ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ ಕೆಂಪಯ್ಯ ಈಗ ಅವರ ಮುಖವನ್ನೇ ನೋಡುತ್ತಾರೆ.

"ವರ್ಷವರ್ಷಾನೂ ಬಣ್ಣ ಬಳ್ದೆ, ಸ್ವಾಮಿ."