ಹತ್ತು ಎಣಿಸುವಷ್ಟು ಹೊತ್ತು

ಕಿಟಕಿ ಗಾಜುಗಳ ಗಡಗಡ ಇನ್ನೂ ಕಿವಿಯಲ್ಲಿದೆ. ಟಿಕೋಟಾ ಬಸ್ಸಿನಲ್ಲಿ ಪಕ್ಕದ ಹುಡುಗಿ ಇದ್ದಕ್ಕಿದ್ದಂತೆ “ಗೊತ್ತಿಲ್ರೀ ಮೇಡಂ” ಎಂದಳು.

“ಯಾರಿಗೆ ಹೇಳಾಕತ್ತಿ, ಡಿಯರ್?” ಎಂದೆ.

ನಾಚಿ ಇಯರ್‌ಫೋನ್ ತೆಗೆದಳು. “ಪಾಡ್‌ಕಾಸ್ಟ್ ರೀ ಅಮ್ಮಾರ, ಫಸ್ಟ್ ಟೈಮ್ ಕೇಳಾಕತ್ತೇನಿ. ಮಕ್ಕಳು ಯಾಕ ಉತ್ತರ ಕೊಡಂಗಿಲ್ಲ ಅಂತ ಅದರಾಗಿನ ಮೇಡಂ ಅಂದ್ರು, ನನಗ ಕೇಳಿದ್ರಂತ ತಿಳದೆ. ಇವತ್ತ ಬಿ.ಎಡ್.ದು ಮೊದಲನೇ ಪಾಠ ಮಾಡೋದೈತ್ರಿ. ಹುಡುಗ್ರು ಸುಮ್ನ ಕುಂತ್ರ ನನ್ನ ಕಥಿ ಮುಗೀತು.”

ಒಂದು ಇಯರ್‌ಫೋನ್ ನನ್ನ ಕಿವಿಗಿಟ್ಟಳು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿರಿ, ಅಷ್ಟು ಹೊತ್ತು ಮಗು ಯೋಚಿಸುತ್ತಿರುತ್ತದೆ ಎಂದಿತು ಒಂದು ಮೆತ್ತನೆಯ ದನಿ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಎರಡು ಎಣಿಸುವವರೆಗೂ ಕಾಯದೆ “ನೆಕ್ಸ್ಟ್” ಎನ್ನುತ್ತಿದ್ದರು. ನನ್ನ ಉತ್ತರ ಬಾಯಲ್ಲೇ ಉಳಿಯುತ್ತಿತ್ತು. ಹೊರಗೆ ದ್ರಾಕ್ಷಿ ತೋಟಗಳು ಕನಸಿನಂತೆ ಸರಿದವು.

ಟಿಕೋಟಾದಲ್ಲಿ ಇಳಿದವಳನ್ನು ಕೊನೆಯ ಸಲ ಕಿಟಕಿಯಿಂದ ಕಂಡೆ. ಒಂದೊಂದೇ ಬೆರಳು ಮಡಚುತ್ತ, ಶಾಲೆಯ ಗೇಟಿನತ್ತ ನಿಧಾನವಾಗಿ ನಡೆಯುತ್ತಿದ್ದಳು.